ಸಹಾಯ ಬೇಕು: ಎಲ್‌ಸಿಇ ಪಟ್ಟಿ ಕುಗ್ಗುವ ಬದಲು ಬಾಗುತ್ತಿದೆ

ದ್ರವ ಸ್ಫಟಿಕ ಇಲಾಸ್ಟೋಮರ್ (ಎಲ್‌ಸಿಇ: ಸಾಲಾಗಿ ಜೋಡಿಸಿದ ಅಣುಗಳಿಂದಾಗಿ ಕಾಯಿಸಿದಾಗ ಕುಗ್ಗುವ ರಬ್ಬರ್) ಪಟ್ಟಿಗಳನ್ನು ಕೃತಕ ಸ್ನಾಯುವಾಗಿ ಬಳಸಿದವರು ಯಾರಾದರೂ ದಾರಿ ತೋರಿಸಿ.

ವಿಧಾನ ಎರಡು ಹಂತದ ಥಯಾಲ್-ಅಕ್ರಿಲೇಟ್: ಮೊದಲು ಥಯಾಲ್ ಮತ್ತು ಅಕ್ರಿಲೇಟ್ ಸೇರಿ ಸಡಿಲ ಜಾಲವಾಗುತ್ತದೆ, ಆಮೇಲೆ ಎಳೆದು ಹಿಡಿದು ಬೆಳಕು ಹಾಯಿಸಿದಾಗ ಉಳಿದ ಅಕ್ರಿಲೇಟ್ ಕೂಡಿಕೊಂಡು ಅಣುಗಳ ಜೋಡಣೆ ಸ್ಥಿರವಾಗುತ್ತದೆ. ಆರ್‌ಎಂ257 (ದ್ರವ ಸ್ಫಟಿಕ ಅಕ್ರಿಲೇಟ್) 4 ಗ್ರಾಂ, ಟೊಲೂಯಿನ್ 1.6 ಗ್ರಾಂ, 80 ಡಿಗ್ರಿಯಲ್ಲಿ ಕರಗಿಸಿ ತಣಿಸುವುದು. ಆಮೇಲೆ ಪಿಇಟಿಎಂಪಿ (ಸರಪಳಿಗಳನ್ನು ಅಡ್ಡ ಕೊಂಡಿ ಹಾಕುವ ಥಯಾಲ್) 0.217, ಇಡಿಡಿಇಟಿ (ಸರಪಳಿ ಉದ್ದ ಮಾಡುವ ಥಯಾಲ್) 0.916, ಫೋಟೊಇನಿಶಿಯೇಟರ್ (ಬೆಳಕು ಬಿದ್ದಾಗ ಕ್ರಿಯೆ ಶುರುಮಾಡುವ ವಸ್ತು) 0.026 ಗ್ರಾಂ. ಕೊನೆಗೆ ಟೊಲೂಯಿನ್‌ನಲ್ಲಿ ತೆಳುವಾಗಿಸಿದ ಡೈಪ್ರೊಪೈಲಮೀನ್ (ವೇಗವರ್ಧಕ). ಇದನ್ನು ತೆಳುವಾಗಿಸದೆ ಹಾಕಿದರೆ ಮಿಶ್ರಣ ಅಚ್ಚಿಗೆ ಸುರಿಯುವ ಮೊದಲೇ ಗಟ್ಟಿಯಾಗಿಬಿಡುತ್ತದೆ. ರಾತ್ರಿಯಿಡೀ ಬಿಟ್ಟು, 80 ಡಿಗ್ರಿ ನಿರ್ವಾತದಲ್ಲಿ ಒಂದು ದಿನ ಒಣಗಿಸಿ, 1 ಮಿ.ಮೀ. ದಪ್ಪದ ಪಟ್ಟಿಯನ್ನು ಎರಡರಷ್ಟು ಉದ್ದಕ್ಕೆ ಎಳೆದು ಹಿಡಿದು 365 ನ್ಯಾನೊಮೀಟರ್ ಬೆಳಕಿನಡಿ 10 ನಿಮಿಷ.

ಬೆಳಕು ಹಾಯಿಸುವವರೆಗೂ ತೊಂದರೆ ಇಲ್ಲ: ಹಾಲುಬಿಳುಪಿನ ಪಟ್ಟಿ ಎಳೆದಾಗ ಪಾರದರ್ಶಕವಾಗುತ್ತದೆ, ಅಂದರೆ ಅಣುಗಳು ಸಾಲಾಗಿವೆ. ಕಾಯಿಸಿದಾಗ ಮಾತ್ರ ಉದ್ದಕ್ಕೆ ಕುಗ್ಗದೆ ಹಪ್ಪಳದಂತೆ ಸುರುಳಿಯಾಗುತ್ತದೆ, ಅದೂ ಯಾವಾಗಲೂ ದೀಪ ಬಿದ್ದ ಮುಖ ಒಳಗಾಗಿ.

ನಮ್ಮ ಊಹೆ: ಬೆಳಕು ಮೇಲ್ಪದರದಲ್ಲೇ ಹೀರಿಹೋಗಿ, ತಳದ ಅಕ್ರಿಲೇಟ್ ಪೂರ್ತಿ ಕೂಡಿಕೊಂಡಿಲ್ಲ. ಜೋಡಣೆ ಮೇಲೆ ಮಾತ್ರ ಸ್ಥಿರವಾಗಿ, ತಳ ಬಿಸಿಗೆ ಹಳೆಯ ಸ್ಥಿತಿಗೆ ಮರಳಿದೆ.

ತಿಳಿಯಬೇಕಾದದ್ದು: ಪಟ್ಟಿಯನ್ನು ಎಳೆತ ಬಿಡದೆ ಚೌಕಟ್ಟು ಸಮೇತ ತಿರುಗಿಸಿ ಎರಡೂ ಕಡೆ 5 ನಿಮಿಷ ಕೊಟ್ಟರೆ ಸಾಕೇ, ಅಥವಾ ಮೊದಲು ಬೆಳಕು ಬಿದ್ದ ಮುಖವೇ ಹೆಚ್ಚು ಗಟ್ಟಿಯಾಗಿ ಪಟ್ಟಿ ಮತ್ತೆ ಬಾಗುತ್ತದೆಯೇ? ದಪ್ಪವನ್ನು 0.3 ಮಿ.ಮೀ.ಗೆ ಇಳಿಸುವುದು ಸುಲಭ, ಆದರೆ ಎತ್ತುವ ಬಲವೂ ಅಷ್ಟೇ ಇಳಿಯುತ್ತದೆ. ಇನಿಶಿಯೇಟರ್ ಕಡಿಮೆ ಮಾಡಿ ನಿಧಾನ ಬೆಳಕಿನಲ್ಲಿ ಮಾಡಿದವರಿದ್ದರೆ ಪ್ರಮಾಣ, ಸಮಯ ತಿಳಿಸಿ. ಹಿಡಿಕೆಯ ಅಂಚಿನಲ್ಲಿ ಹರಿಯದಂತೆ ಏನು ಅಂಟಿಸುತ್ತೀರಿ ಎಂಬುದನ್ನೂ ಹೇಳಿ.