37ಕ್ಕೆ ಪದವಿಗೆ ಸೇರಬೇಕು, ಭಿನ್ನರಾಶಿಯಲ್ಲೇ ನಿಂತುಬಿಟ್ಟಿದ್ದೇನೆ. ಗಣಿತ ಎಲ್ಲಿಂದ ಶುರು ಮಾಡಲಿ?

ಮತ್ತೆ_ಓದು

ಎಲ್ಲರಿಗೂ ನಮಸ್ಕಾರ. ನನಗೆ 37 ವರ್ಷ. ಹತ್ತನೇ ತರಗತಿ ಮುಗಿಸಿ ಓದು ಬಿಟ್ಟೆ. ಹದಿನಾರು ವರ್ಷದಿಂದ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಈಗ ಸಮಾಜಕಾರ್ಯದಲ್ಲಿ ಪದವಿ ಮಾಡಲೇಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೇನೆ. ಸೇರುವ ಮುಂಚೆ ಒಂದು ಸಾಮಾನ್ಯ ಗಣಿತದ ಪರೀಕ್ಷೆ ಇದೆ. ಸೇರಿದ ಮೇಲೆ ಮೊದಲ ವರ್ಷವೇ ಸಂಖ್ಯಾಶಾಸ್ತ್ರದ ಪೇಪರ್ ಇದೆ. ಕೈಯಲ್ಲಿರುವುದು ಐದು ತಿಂಗಳು.

ಹೋದ ವಾರ ಒಂದು ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿದೆ. ಇಪ್ಪತ್ತರಲ್ಲಿ ಏಳು ಸರಿ. 1/2 + 1/3 ಎಷ್ಟು ಅಂತ ಕೇಳಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 2/5 ಅಂತ ಬರೆದೆ. ತಪ್ಪು ಅಂತ ಉತ್ತರದ ಹಾಳೆ ಹೇಳಿತು. ಯಾಕೆ ತಪ್ಪು ಅಂತ ಈಗಲೂ ಗೊತ್ತಾಗಿಲ್ಲ.

ಇನ್ನೊಂದು: "ಅರ್ಜಿಗಳ ಸಂಖ್ಯೆ 20% ಕಡಿಮೆಯಾಗಿ 960 ಆಯಿತು. ಮೊದಲು ಎಷ್ಟಿತ್ತು?" 960ರ 20% ತೆಗೆದು, ಅದಕ್ಕೇ ಸೇರಿಸಿ 1152 ಅಂತ ಬರೆದೆ. ಅದೂ ತಪ್ಪು.

ನನಗೆ ಬೇಜಾರಾಗೋದು ಏನು ಗೊತ್ತಾ? ಕೆಲಸದಲ್ಲಿ ಲೆಕ್ಕ ಬರುತ್ತೆ. ಸಿರಪ್ಪು 60 ಎಂಎಲ್ ಬಾಟಲಿ, ಒಂದು ಸಲಕ್ಕೆ 2.5 ಎಂಎಲ್, ದಿನಕ್ಕೆ ಮೂರು ಸಲ. ಎಂಟು ದಿನಕ್ಕೆ ಆಗುತ್ತೆ ಅಂತ ನಿಂತ ನಿಲುವಿನಲ್ಲೇ ಹೇಳುತ್ತೇನೆ. ಅದನ್ನೇ 60 ÷ 7.5 ಅಂತ ಕಾಗದದ ಮೇಲೆ ಬರೆದುಕೊಟ್ಟರೆ ಕೈ ಓಡುವುದಿಲ್ಲ.

ಮಾದರಿ ಪತ್ರಿಕೆಗಳನ್ನೇ ಮತ್ತೆ ಮತ್ತೆ ಬಿಡಿಸಲಾ? ಇಲ್ಲ, ಮಗಳ ಆರನೇ ತರಗತಿ ಪುಸ್ತಕದಿಂದ ಶುರು ಮಾಡಲಾ? ಆ ಪುಸ್ತಕ ಕೈಗೆ ತೆಗೆದುಕೊಳ್ಳೋಕೆ ನಾಚಿಕೆ ಆಗುತ್ತೆ, ನಿಜ ಹೇಳಬೇಕು ಅಂದ್ರೆ. ಮಗ್ಗಿ ಎಲ್ಲ ಮತ್ತೆ ಬಾಯಿಪಾಠ ಮಾಡಬೇಕಾ?

ಗೆರೆ_ಹಾಳೆ

ಮೊದಲು ಪರೀಕ್ಷೆಗೆ ಕ್ಯಾಲ್ಕುಲೇಟರ್ ಬಿಡುತ್ತಾರಾ ಅಂತ ಕೇಳಿ ತಿಳಿದುಕೊಳ್ಳಿ. ಬಿಡುತ್ತಾರೆ ಅಂದ್ರೆ ದೊಡ್ಡ ದೊಡ್ಡ ಭಾಗಾಕಾರ ಅಭ್ಯಾಸ ಮಾಡುತ್ತಾ ಕೂರಬೇಡಿ. ಆದರೆ ನಿಮ್ಮ 1152ಕ್ಕೆ ಕ್ಯಾಲ್ಕುಲೇಟರ್ ಇದ್ದಿದ್ದರೂ 1152ಯೇ ಬರುತ್ತಿತ್ತು. ಏನನ್ನು ಒತ್ತಬೇಕು ಅಂತ ಅದು ಹೇಳಿಕೊಡುವುದಿಲ್ಲ. ಐದು ತಿಂಗಳು ಸಾಕು, ಧೈರ್ಯವಾಗಿರಿ.

ದಾರದ_ಉಂಡೆ

ನಿಮ್ಮ ಪ್ರಶ್ನೆ ಓದಿ, ಕೈಯಲ್ಲಿದ್ದ ಬಟ್ಟೆ ಪಕ್ಕಕ್ಕಿಟ್ಟು ಬರೆಯೋಕೆ ಕೂತೆ. ನಾನು 41ನೇ ವಯಸ್ಸಿಗೆ ಪದವಿಗೆ ಸೇರಿದವಳು. ಈಗ ಎರಡನೇ ವರ್ಷ. ಇಪ್ಪತ್ತು ವರ್ಷದಿಂದ ಹೊಲಿಗೆ ಕೆಲಸ, ಈಗಲೂ ಬಿಟ್ಟಿಲ್ಲ.

ಆರು ವಾರ ಮಾದರಿ ಪತ್ರಿಕೆ ಮುಟ್ಟಬೇಡಿ. ನಾನು ಮೊದಲ ಎರಡು ತಿಂಗಳು ಬರೀ ಅದನ್ನೇ ಬಿಡಿಸಿದೆ. ಪ್ರತಿ ಸಲ ಅದೇ ಜಾತಿಯ ಪ್ರಶ್ನೆ ತಪ್ಪುತ್ತಿತ್ತು. ಯಾವುದು ತಪ್ಪಿತು ಅಂತ ಪತ್ರಿಕೆ ತೋರಿಸುತ್ತೆ, ಬೇರು ಎಲ್ಲಿದೆ ಅಂತ ತೋರಿಸಲ್ಲ. ನನ್ನದು ಮುರಿದಿದ್ದದ್ದು ಭಿನ್ನರಾಶಿಯಲ್ಲಿ. ಶೇಕಡಾ, ಅನುಪಾತ, ಸಮೀಕರಣ ಎಲ್ಲ ಅದರ ಮೇಲೆ ಕೂತಿದ್ದವು. ನೀವು ಬರೆದದ್ದು ನೋಡಿದರೆ ನಿಮ್ಮದೂ ಅಲ್ಲೇ ಅನಿಸುತ್ತೆ.

ನಿಮ್ಮ 2/5 ತೆಗೆದುಕೊಳ್ಳಿ. ಅದು ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ? ಐದರಲ್ಲಿ ಅರ್ಧ ಅಂದ್ರೆ ಎರಡೂವರೆ. ಎರಡು ಅದಕ್ಕಿಂತ ಕಡಿಮೆ. ಅಂದ್ರೆ 2/5 ಅರ್ಧಕ್ಕೂ ಕಡಿಮೆ. ನೀವು ಅರ್ಧದಿಂದ ಶುರು ಮಾಡಿ, ಅದಕ್ಕೆ ಇನ್ನಷ್ಟು ಸೇರಿಸಿದ್ದೀರಿ. ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗೋಕೆ ಸಾಧ್ಯವೇ ಇಲ್ಲ, ಅಲ್ವಾ? ಉತ್ತರ ಬರೆಯುವ ಮುಂಚೆ "ಇದು ಸುಮಾರು ಎಷ್ಟು ಬರಬೇಕು" ಅಂತ ಕೇಳಿಕೊಳ್ಳೋದು ನನಗೆ ಯಾವ ಸೂತ್ರಕ್ಕಿಂತಲೂ ಹೆಚ್ಚು ಕೈಹಿಡಿದಿದೆ.

ಇನ್ನು ಯಾಕೆ ತಪ್ಪು ಅನ್ನೋದು. ನನ್ನ ಅಳತೆ ಟೇಪಿನಲ್ಲಿ ಇಂಚಿಗೆ ಎಂಟು ಭಾಗ. ಅರ್ಧ ಇಂಚಿಗೆ 3/8 ಇಂಚು ಸೇರಿಸು ಅಂದ್ರೆ ನನ್ನ ಬೆರಳು ಸೀದಾ 7/8ಕ್ಕೆ ಹೋಗುತ್ತೆ. ಒಂದು ರಾತ್ರಿ ಟೇಪನ್ನು ಮೇಜಿನ ಮೇಲೆ ಹರಡಿಕೊಂಡು, ನನ್ನ ಬೆರಳು ಏನು ಮಾಡುತ್ತಿದೆ ಅಂತ ನಿಧಾನವಾಗಿ ನೋಡಿದೆ. ಅರ್ಧವನ್ನು ನಾನು ಅರ್ಧ ಅಂತ ಎಣಿಸುತ್ತಿರಲಿಲ್ಲ. ನಾಲ್ಕು ಗೆರೆ ಅಂತ ಎಣಿಸುತ್ತಿದ್ದೆ. ನಾಲ್ಕು ಗೆರೆ, ಮೂರು ಗೆರೆ, ಒಟ್ಟು ಏಳು ಗೆರೆ. ಶಾಲೆಯಲ್ಲಿ "ಛೇದ ಸಮ ಮಾಡಿ" ಅಂತ ಹೇಳಿ ಹೇಳಿ ಹೆದರಿಸಿದ್ದು ಇದನ್ನೇ! ಎರಡನ್ನೂ ಒಂದೇ ಅಳತೆಯ ಗೆರೆಯಲ್ಲಿ ಎಣಿಸಬೇಕು, ಅಷ್ಟೇ.

1/2 ಮತ್ತು 1/3ಕ್ಕೆ ನನ್ನ ಟೇಪು ಆಗಲ್ಲ, ಎಂಟನ್ನು ಮೂರು ಸಮಭಾಗ ಮಾಡೋಕೆ ಬರಲ್ಲ. ಚೌಕುಳಿ ಪುಸ್ತಕದಲ್ಲಿ ಹನ್ನೆರಡು ಮನೆಯ ಒಂದು ಪಟ್ಟಿ ಬರೆಯಿರಿ. ಅರ್ಧ ಅಂದ್ರೆ ಆರು ಮನೆ, ಮೂರನೇ ಒಂದು ಅಂದ್ರೆ ನಾಲ್ಕು ಮನೆ. ಒಟ್ಟು ಹತ್ತು ಮನೆ, ಹನ್ನೆರಡರಲ್ಲಿ. ಎರಡೆರಡು ಮನೆ ಜೋಡಿ ಮಾಡಿದರೆ ಆರರಲ್ಲಿ ಐದು, 5/6. ಅರ್ಧಕ್ಕಿಂತ ಜಾಸ್ತಿ ಇದೆ, ಒಂದಕ್ಕಿಂತ ಕಡಿಮೆ ಇದೆ. ಹನ್ನೆರಡು ಮನೆಯ ಪಟ್ಟಿಯಲ್ಲಿ ಅರ್ಧ, ಮೂರನೇ ಒಂದು, ಕಾಲು, ಆರನೇ ಒಂದು ಎಲ್ಲ ಸರಿಯಾಗಿ ಕೂರುತ್ತವೆ. ನಾನು ಮೂರು ವಾರ ಬೇರೆ ಏನೂ ಮಾಡದೆ ಆ ಪಟ್ಟಿಯಲ್ಲೇ ಇದ್ದೆ.

ಇನ್ನೊಂದು ಹೇಳಲೇಬೇಕು. ನಮ್ಮ ಮಾತಿನಲ್ಲೇ ಭಿನ್ನರಾಶಿಗೆ ಎಷ್ಟೊಂದು ಹೆಸರಿದೆ ನೋಡಿ. ಅರ್ಧ, ಕಾಲು, ಮುಕ್ಕಾಲು, ಅರೆಕಾಲು, ವೀಸ. ಅರೆಕಾಲು ಅಂದ್ರೆ ಕಾಲಿನ ಅರ್ಧ, 1/8. ಅದರ ಅರ್ಧ ವೀಸ, 1/16. "ಗುಣಿಸಿದರೆ ದೊಡ್ಡದಾಗಬೇಕಲ್ಲ, 1/2 × 1/4 ಚಿಕ್ಕದಾಗಿದ್ದು ಹೇಗೆ?" ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದವಳು ನಾನು. ಅರೆಕಾಲು ಅನ್ನೋ ಮಾತಿನಲ್ಲೇ ಆ ಗುಣಾಕಾರ ಇತ್ತು. ಅರೆ, ಕಾಲು. ಅರ್ಧ ಸಲ ಕಾಲು.

ನಿಮ್ಮ ಸಿರಪ್ಪಿನ ಲೆಕ್ಕವೂ ಹಾಗೇ. ತಲೆಯಲ್ಲಿ ಹೇಗೆ ಮಾಡಿದಿರಿ ಅಂತ ಒಮ್ಮೆ ಗಮನಿಸಿ. ಬಹುಶಃ "ಎರಡು ದಿನಕ್ಕೆ 15, ಅರವತ್ತರಲ್ಲಿ 15 ನಾಲ್ಕು ಸಲ, ಹಾಗಾಗಿ ಎಂಟು ದಿನ". ಅದನ್ನೇ ಬರೆದರೆ 60 ÷ 7.5 ಅನ್ನೋದು 120 ÷ 15 ಆಯಿತು. ಎರಡೂ ಕಡೆ ಎರಡರಿಂದ ಗುಣಿಸಿದ್ದೀರಿ. ನಿಮಗೆ ಲೆಕ್ಕ ಬರುತ್ತೆ. ಬರೆಯೋದು ಬರಬೇಕು. ಪ್ರತಿ ಲೆಕ್ಕವನ್ನೂ ಮೊದಲು ಮಾತಿನಲ್ಲಿ ಬರೆಯಿರಿ, ಅದರ ಕೆಳಗೆ ಅಂಕಿಯಲ್ಲಿ.

ಆರನೇ ತರಗತಿ ಪುಸ್ತಕ ಖಂಡಿತ ತೆಗೆದುಕೊಳ್ಳಿ. ಏಳು, ಎಂಟನೆಯದೂ ಬೇಕಾಗುತ್ತೆ. ನಿಮಗೆ ಬೇಕಾದ್ದು ಮುಕ್ಕಾಲು ಪಾಲು ಅಲ್ಲೇ ಇದೆ. ನಾನು ಮಗನ ಎದುರಿಗೇ ಕೂತು ಓದಿದೆ. ಮೊದಲ ದಿನ ಕಷ್ಟ ಆಯಿತು, ನಾಲ್ಕನೇ ದಿನ ಅವನೇ ಚೌಕುಳಿ ಹಾಕಿಕೊಟ್ಟ.

ತಪ್ಪುಗಳಿಗೆ ಒಂದು ಬೇರೆ ಪುಸ್ತಕ ಇಡಿ. ಎಡಗಡೆ ಬರೆದ ತಪ್ಪು, ಬಲಗಡೆ ಆಗ ಮನಸ್ಸಿನಲ್ಲಿ ಏನಿತ್ತು ಅನ್ನೋದು. ನನ್ನದರಲ್ಲಿ ಒಂದು ಹೀಗಿದೆ: "0.35 ದೊಡ್ಡದು, 0.4 ಚಿಕ್ಕದು ಅಂತ ಬರೆದೆ. ಅಂದುಕೊಂಡದ್ದು: 35 ಅನ್ನೋದು 4ಕ್ಕಿಂತ ದೊಡ್ಡದಲ್ವಾ." ಅದರ ಕೆಳಗೆ 0.40 ಅಂತ ಕೆಂಪಿನಲ್ಲಿ ಬರೆದಿದ್ದೇನೆ. ಒಂದು ತಿಂಗಳು ಕಳೆದು ಹಾಳೆ ತಿರುವಿ ನೋಡಿದರೆ ತಪ್ಪುಗಳು ಅರವತ್ತರ ಮೇಲಿದ್ದವು, ಅವುಗಳ ಹಿಂದಿನ ಯೋಚನೆ ನಾಲ್ಕೇ ನಾಲ್ಕು.

ಮಗ್ಗಿ ಪೂರ್ತಿ ಬೇಡ. 6ರಿಂದ 9ರ ನಡುವಿನ ಆರು ಮಾತ್ರ ಕಾಡುತ್ತವೆ: 6×7=42, 6×8=48, 6×9=54, 7×8=56, 7×9=63, 8×9=72. ಮರೆತರೆ ಪಕ್ಕದ್ದರಿಂದ ಹೋಗಿ. ಏಳೇಳು 49, ಇನ್ನೊಂದು ಏಳು ಸೇರಿಸಿದರೆ ಏಳೆಂಟು 56.

ಸಂಜೆ_ಪಾಠ

ಮೇಲೆ ಬರೆದವರು ಅಮೂಲ್ಯವಾದ ಮಾತು ಹೇಳಿದ್ದಾರೆ. ನಾನು ಹನ್ನೊಂದು ವರ್ಷದಿಂದ ದೊಡ್ಡವರಿಗೇ ಗಣಿತ ಹೇಳಿಕೊಡುತ್ತಿದ್ದೇನೆ. ಉಳಿದ ಎರಡು ಮೂರು ಜಾಗದ ಬಗ್ಗೆ ಹೇಳುತ್ತೇನೆ.

ಶೇಕಡಾ ಬಂದಾಗಲೆಲ್ಲ "ಯಾವುದರ ಶೇಕಡಾ?" ಅಂತ ಕೇಳಿ. 20% ಕಡಿಮೆಯಾದದ್ದು ಹಳೆಯ ಸಂಖ್ಯೆಯಲ್ಲಿ, 960ರಲ್ಲಿ ಅಲ್ಲ. ಹಾಗಾಗಿ 960 ಅನ್ನೋದು ಹಳೆಯದರ 80%. 80 ಭಾಗಕ್ಕೆ 960 ಅಂದ್ರೆ ಒಂದು ಭಾಗಕ್ಕೆ 12, ನೂರು ಭಾಗಕ್ಕೆ 1200. ಸಮಾಜಕಾರ್ಯದ ವರದಿಗಳಲ್ಲಿ ಇನ್ನೊಂದು ಸಿಗುತ್ತೆ. 40% ಇದ್ದದ್ದು 50% ಆದರೆ ಏರಿಕೆ ಎಷ್ಟು? ಹತ್ತು ಶೇಕಡಾ ಅಂಶ. ಆದರೆ ಹಳೆಯದಕ್ಕೆ ಹೋಲಿಸಿದರೆ 25% ಏರಿಕೆ. ಎರಡೂ ಸರಿ, ಎರಡೂ ಬೇರೆ ಮಾತು.

ಋಣ ಸಂಖ್ಯೆಗೆ ಹೆದರಬೇಡಿ. ಋಣ ಅಂದ್ರೆ ಸಾಲ, ಧನ ಅಂದ್ರೆ ಇರುವ ಹಣ. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ನಿಯಮ ಬರೆದದ್ದು ಇದೇ ಮಾತಿನಲ್ಲಿ. ನಿಮ್ಮ ತಲೆಯ ಮೇಲೆ ಮೂರರ ಸಾಲ ಇದೆ, ಯಾರೋ ಐದರ ಸಾಲವನ್ನು ನಿಮ್ಮಿಂದ ತೆಗೆದರು. ಮೂರು ತೀರಿ ಎರಡು ಕೈಗೆ ಬಂತು. −3 − (−5) = 2.

ಬೋಡ್‌ಮಾಸ್ ಅನ್ನೋದರಲ್ಲಿ (ಯಾವ ಲೆಕ್ಕ ಮೊದಲು, ಯಾವುದು ಆಮೇಲೆ ಅನ್ನೋ ಕ್ರಮ: ಆವರಣ, ಭಾಗಾಕಾರ, ಗುಣಾಕಾರ, ಕೂಡೋದು, ಕಳೆಯೋದು) ತುಂಬಾ ಜನ ಬೀಳುವ ಒಂದು ಗುಂಡಿ ಇದೆ. ಕೂಡೋದು ಮೊದಲು ಬರೆದಿದೆ ಅಂತ 8 − 3 + 2ರಲ್ಲಿ ಮೊದಲು 3 + 2 ಮಾಡಿ, ಉತ್ತರ 3 ಅಂತ ಬರೆಯುತ್ತಾರೆ. ಕೂಡೋದಕ್ಕೂ ಕಳೆಯೋದಕ್ಕೂ ಸಮಾನ ಪಟ್ಟ. ಎಡದಿಂದ ಬಲಕ್ಕೆ ಹೋಗಿ: ಐದು, ಆಮೇಲೆ ಏಳು. ಗುಣಾಕಾರ, ಭಾಗಾಕಾರಕ್ಕೂ ಹಾಗೇ.

ಕೊನೆಯದಾಗಿ = ಗುರುತು. 12 + 8 = 20 ÷ 4 = 5 ಅಂತ ಒಂದೇ ಸಾಲಿನಲ್ಲಿ ಓಡಿಸಬೇಡಿ. ಹಾಗೆ ಬರೆದರೆ 12 + 8 ಅನ್ನೋದು 5ಕ್ಕೆ ಸಮ ಅಂದ ಹಾಗಾಯಿತು. 1557ರಲ್ಲಿ ರಾಬರ್ಟ್ ರೆಕಾರ್ಡ್ ಅನ್ನೋ ಗಣಿತಜ್ಞರು ಈ ಗುರುತು ತಂದಾಗ ಎರಡು ಸಮಾನಾಂತರ ಗೆರೆ ಆರಿಸಿಕೊಂಡರು, ಅವುಗಳಷ್ಟು ಸಮವಾದದ್ದು ಇನ್ನೊಂದಿಲ್ಲ ಅಂತ. ಅದು "ಉತ್ತರ ಇಲ್ಲಿದೆ" ಅನ್ನೋ ಬಾಣ ಅಲ್ಲ, ತಕ್ಕಡಿ. ಹೊಸ ಹೆಜ್ಜೆಗೆ ಹೊಸ ಸಾಲು. ಈ ಅಭ್ಯಾಸ ಈಗಲೇ ಆದರೆ ಸಮೀಕರಣಕ್ಕೆ ಬಂದಾಗ "ಆ ಕಡೆ ಹೋದರೆ ಗುರುತು ಬದಲಾಗುತ್ತೆ" ಅಂತ ಬಾಯಿಪಾಠ ಮಾಡುವ ಕೆಲಸ ಇರಲ್ಲ. ಎರಡೂ ತಟ್ಟೆಯಿಂದ ಒಂದೇ ತೂಕ ತೆಗೆಯುತ್ತಿದ್ದೀರಿ ಅಂತ ಕಣ್ಣಿಗೇ ಕಾಣುತ್ತೆ.

ಮತ್ತೆ_ಓದು

ಅಕ್ಕಾ, ಸರ್, ಇಬ್ಬರ ಉತ್ತರವನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಸಿರಪ್ಪಿನ ಲೆಕ್ಕ ಹೌದು, ನಾನು 15ರಿಂದಲೇ ಹೋಗುತ್ತಿದ್ದೆ. ಇಷ್ಟು ವರ್ಷ ಅದನ್ನು ಗಣಿತ ಅಂತ ಅಂದುಕೊಂಡೇ ಇರಲಿಲ್ಲ.

ರಾತ್ರಿ ಹನ್ನೆರಡು ಮನೆಯ ಪಟ್ಟಿ ಹಾಕಿ 3/4 − 2/3 ಮಾಡಿದೆ. ಮಾತಿನಲ್ಲಿ: ಮುಕ್ಕಾಲು ಅಂದ್ರೆ ಒಂಬತ್ತು ಮನೆ, ಮೂರರಲ್ಲಿ ಎರಡು ಅಂದ್ರೆ ಎಂಟು ಮನೆ, ಉಳಿದದ್ದು ಒಂದು ಮನೆ. ಅಂಕಿಯಲ್ಲಿ: 9/12 − 8/12 = 1/12. ಎರಡೂ ಹತ್ತಿರ ಹತ್ತಿರ ಇರುವ ಸಂಖ್ಯೆ, ಹಾಗಾಗಿ ಚಿಕ್ಕ ಉತ್ತರ ಬರಬೇಕು ಅಂತ ಮೊದಲೇ ಬರೆದಿಟ್ಟಿದ್ದೆ. ಸರಿ ಇದೆಯಾ?

ಆದರೆ 2 ÷ 1/3 ನೋಡಿದರೆ ಈಗಲೂ ಎದೆ ಡವಡವ ಅನ್ನುತ್ತೆ. ತಿರುಗಿಸಿ ಗುಣಿಸು ಅಂತ ನೆನಪಿದೆ, ಯಾಕೆ ಅಂತ ಗೊತ್ತಿಲ್ಲ.

ದಾರದ_ಉಂಡೆ

1/12 ಸರಿ. ಬರೆದ ಸಾಲುಗಳೂ ಸರಿ.

ತಿರುಗಿಸೋದು ಈಗ ಬೇಡ. 60ರಲ್ಲಿ 7.5 ಎಷ್ಟು ಸಲ ಇದೆ ಅಂತ ಕೇಳಿದಿರಲ್ಲ, ಇಲ್ಲೂ ಅದನ್ನೇ ಕೇಳಿ. ಎರಡರಲ್ಲಿ ಮೂರನೇ ಒಂದು ಎಷ್ಟು ಸಲ ಇದೆ? ಹನ್ನೆರಡು ಮನೆಯ ಎರಡು ಪಟ್ಟಿ ಹಾಕಿ, ನಾಲ್ಕು ನಾಲ್ಕು ಮನೆಗೆ ಒಂದು ಗೆರೆ ಎಳೆದು ಎಣಿಸಿ. ಅದಾದ ಮೇಲೆ ಒಂದು ಇಂಚು ಟೇಪು ಹಿಡಿದು 3/4 ÷ 1/8 ಮಾಡಿ. ಬಂದದ್ದನ್ನು ಮೊದಲು ಮಾತಿನಲ್ಲೇ ಬರೆದು ಇಲ್ಲಿ ಹಾಕಿ, ನಾಳೆ ರಾತ್ರಿ ನೋಡುತ್ತೇನೆ.