ಸಹಾಯ ಬೇಕು: ಫ್ರೀಸ್ಪೇಸ್ 2ರಲ್ಲಿ ಪವರ್ ಹಂಚೋದು ಹೇಗೆ?

ಎಲ್ಲರಿಗೂ ನಮಸ್ಕಾರ. 1999ರ ಫ್ರೀಸ್ಪೇಸ್ 2 ಅನ್ನೋ ಬಾಹ್ಯಾಕಾಶ ಯುದ್ಧದ ಗೇಮ್ ಆಡುತ್ತಿದ್ದೇನೆ. ಹಳೇ ಗೇಮ್ ನಿಜ, ಆದರೆ ದೊಡ್ಡ ಹಡಗುಗಳು ಒಂದರ ಮೇಲೊಂದು ಬೀಮ್ ಬಿಡುವಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಗನ್, ಶೀಲ್ಡ್, ಎಂಜಿನ್ ಮೂರಕ್ಕೂ ಇರುವ ಪವರನ್ನೇ ಹಂಚಬೇಕು ಅಲ್ವಾ? ಗನ್‌ಗೆ ಜಾಸ್ತಿ ಕೊಟ್ಟರೆ ಶೀಲ್ಡ್ ಬೇಗ ತುಂಬುವುದಿಲ್ಲ. ಎಂಜಿನ್‌ಗೆ ಕೊಟ್ಟರೆ ಗನ್ ಸುಮ್ನೆ ಖಾಲಿಯಾಗುತ್ತದೆ. ಬಾಂಬರ್‌ಗಳನ್ನು ತಡೆಯುವ ಮಿಷನ್‌ನಲ್ಲಿ ನೀವು ಹೇಗೆ ಹಂಚುತ್ತೀರಿ? ಮೊದಲು ಬಾಂಬರ್ ಹೊಡೆಯಬೇಕೋ, ಅದು ಬಿಟ್ಟ ಬಾಂಬ್‌ಗಳನ್ನೋ? ನನ್ನ ಹತ್ತಿರ ಜಾಯ್‌ಸ್ಟಿಕ್ ಇಲ್ಲ, ಮೌಸ್ ಮಾತ್ರ.

ಇನ್ನೊಂದು. 1990ರ ವಿಂಗ್ ಕಮಾಂಡರ್‌ನಲ್ಲಿ ಮಿಷನ್ ಸೋತರೂ ಕಥೆ ನಿಲ್ಲುವುದಿಲ್ಲ, ಬೇರೆ ದಾರಿ ಹಿಡಿಯುತ್ತದೆ. ಜೊತೆಗಿನ ಪೈಲಟ್ ಸತ್ತರೆ ಸತ್ತ ಹಾಗೆಯೇ, ಮತ್ತೆ ಬರುವುದಿಲ್ಲ. ನನಗಂತೂ ಇದೇ ಇಷ್ಟ. ಇಂಥ ಹೊಸ ಗೇಮ್ ಇದ್ದರೆ ಹೇಳಿ. ಫ್ರೀಸ್ಪೇಸ್ ಕಥೆಯ ಕೊನೆ ಮಾತ್ರ ಹೇಳಬೇಡಿ!