ಸಹಾಯ ಬೇಕು: ಹಳೆ ಗಾಯದ ಕಲೆಯೋ, ಮತ್ತೆ ಕ್ಯಾನ್ಸರೋ?

ಅಪ್ಪನಿಗೆ ಗುದನಾಳದ ಕ್ಯಾನ್ಸರ್. ರೇಡಿಯೇಷನ್ ಕೊಟ್ಟು, ಹೋದ ವರ್ಷ ಆಪರೇಷನ್ ಮಾಡಿದ್ದರು. ಈಗ ರಕ್ತದಲ್ಲಿ ಸಿಇಎ (ಈ ಕ್ಯಾನ್ಸರ್ ಇದ್ದರೆ ಹೆಚ್ಚಾಗಬಹುದಾದ ಒಂದು ಪ್ರೋಟೀನ್) 3ರಿಂದ 9ಕ್ಕೆ ಏರಿದೆ. ಸಿಟಿ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ತುದಿಯ ಮುಂದೆ ಏನೋ ಗಟ್ಟಿಯಾದದ್ದು ಕಾಣುತ್ತಿದೆ. ಗಾಯದ ಕಲೆಯೂ ಇರಬಹುದು, ಕ್ಯಾನ್ಸರ್ ಮರಳಿರಲೂಬಹುದು ಎಂದು ರಿಪೋರ್ಟ್. ಸಿಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವಂತೆ.

ಡಾಕ್ಟರು ಎಂಆರ್‌ಐ, ಆಮೇಲೆ ಪೆಟ್ ಸಿಟಿ (ಕ್ಯಾನ್ಸರ್ ಇದ್ದರೆ ಆ ಜಾಗ ಸಾಮಾನ್ಯವಾಗಿ ಹೊಳೆದು ಕಾಣುವ ಸ್ಕ್ಯಾನ್) ಎನ್ನುತ್ತಿದ್ದಾರೆ. ಆದರೆ ರೇಡಿಯೇಷನ್ ಆದ ಜಾಗದ ಉರಿಯೂತವೂ ಪೆಟ್‌ನಲ್ಲಿ ಹೊಳೆಯಬಹುದು. ಲೋಳೆ ಜಾಸ್ತಿ ಇರುವ ಗಡ್ಡೆ ಕೆಲವೊಮ್ಮೆ ಹೊಳೆಯುವುದೇ ಇಲ್ಲ. ಅಪ್ಪನದು ಆ ಥರದ್ದೇ! ಹಾಗಾದರೆ ಎಂಆರ್‌ಐ ಆದ ಮೇಲೆ ನೇರ ಸೂಜಿ ಬಯಾಪ್ಸಿ ಮಾಡಿಸೋದು ಮೇಲಲ್ವಾ?

ರೇಡಿಯಾಲಜಿಯವರು, ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ತಿಳಿಸಿ. ಹಳೆ ಸ್ಕ್ಯಾನ್‌ಗಳ ಸಿಡಿ ಎಲ್ಲ ಇವೆ. ಹೋಲಿಸಿ ನೋಡಲು ಬೆಂಗಳೂರಿನಲ್ಲಿ ಯಾರನ್ನು ಕಾಣಬೇಕು? ಸುಮ್ನೆ ಪಥ್ಯ, ಕಷಾಯದ ಸಲಹೆ ಬೇಡ, ದಯವಿಟ್ಟು.